ಗಣಕಯಂತ್ರಕ್ಕೆ ಕನ್ನಡದ ಅಕ್ಷರಾಭ್ಯಾಸ

ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಕಂಪ್ಯೂಟರಿನ ಮಾತೇಕೆ ಎಂದು ಕೆಲವು ಗೆಳೆಯರು ಹುಬ್ಬೇರಿಸಬಹುದು. ಕವಿತೆ ಬರೆಯಲು ಬಾರದ ಕಾಮರ್ಸ್ ವಿದ್ಯಾರ್ಥಿ ಇನ್ನೇನು ಬರೆದಾನು ಎಂದು ನಗಲೂಬಹುದು. ನಗಲಿ, ಬೇಸರವಿಲ್ಲ. ಆದರೆ ನಾನು ಹೇಳಹೊರಟಿರುವುದು ಅಕ್ಷರದ ಕಥೆಯೇ. ಹಾಗಾಗಿ ಇದಕ್ಕೆ ಈ ಪುಟಗಳಲ್ಲಿ ಒಂದಿಷ್ಟು ಜಾಗ ಕೇಳುವ ಹಕ್ಕು ನನಗಿದೆ ಅಂತ ಅಂದುಕೊಂಡಿದ್ದೇನೆ.

ಮೊದಲು ನನ್ನ ಒಂದು ಅವಮಾನದ ಸುದ್ದಿ ಹೇಳಿಬಿಡುತ್ತೇನೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಹನ್ನೊಂದನೆಯದಕ್ಕೆ ಸೇರಿದ ವರ್ಷ ಅಪ್ಪ ಹೇಗೋ ದುಡ್ಡು ಹೊಂದಿಸಿ ನನ್ನನ್ನು ಒಂದು ಕಂಪ್ಯೂಟರ್ ಕ್ಲಾಸಿಗೆ ಹಾಕಿದರು. ಮೊದಲ ದಿನವೇ ಅಲ್ಲಿಯ ಮಾಸ್ತರರು ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ನೋಡಿ, ಯಾವ ಮೀಡಿಯಂ ಅಂತ ಕೇಳಿದರು. ಹೇಳಿದೆ. "ಕಂಪ್ಯೂಟರಿಗೆ ಇಂಗ್ಲಿಷ್ ಒಂದೇ ಗೊತ್ತು. ಮೊದಲು ಅದನ್ನು ಕಲಿತು ಆಮೇಲೆ ಬಾ" ಎಂದರು. ಇಡೀ ಕ್ಲಾಸು ನಕ್ಕಿತು. ನಾನು ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು ಮನೆಗೆ ಬರುವವರೆಗೂ ಆ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

ಅವರು ಹೇಳಿದ್ದು ನಿಜವೇ? ಈ ಪ್ರಶ್ನೆ ಹಿಡಿದುಕೊಂಡು ಎರಡು ವರ್ಷ ಅಲ್ಲಿ ಇಲ್ಲಿ ಓದಿದೆ. ಓದಿ ತಿಳಿದದ್ದು ಇಷ್ಟು: ಕಂಪ್ಯೂಟರಿಗೆ ಇಂಗ್ಲಿಷೂ ಗೊತ್ತಿಲ್ಲ!

ಅದಕ್ಕೆ ಗೊತ್ತಿರುವುದು ಎರಡೇ ಎರಡು ಸಂಗತಿ: ಕರೆಂಟು ಇದೆ, ಕರೆಂಟು ಇಲ್ಲ. ಒಂದು, ಸೊನ್ನೆ. ಅಷ್ಟೇ. ನಮ್ಮ ಚಾಳಿನ ಪಡಸಾಲೆಯಲ್ಲಿ ಸಾಲಾಗಿ ಏಳು ಬಲ್ಬುಗಳಿವೆ ಅಂತ ಇಟ್ಟುಕೊಳ್ಳಿ. ಎಡದಿಂದ ಬಲಕ್ಕೆ ಅವುಗಳಿಗೆ 64, 32, 16, 8, 4, 2, 1 ಎಂದು ಬೆಲೆ ಕಟ್ಟಿ. ಮೊದಲನೆಯದು ಮತ್ತು ಕೊನೆಯದು ಮಾತ್ರ ಉರಿಯುತ್ತಿದ್ದರೆ 64ಕ್ಕೆ 1 ಕೂಡಿಸಿ 65. ಎಲ್ಲವೂ ಆರಿದ್ದರೆ ಸೊನ್ನೆ, ಎಲ್ಲವೂ ಉರಿದರೆ 127. ಹೀಗೆ ಏಳು ಬಲ್ಬುಗಳಿಂದ ಸೊನ್ನೆಯೂ ಸೇರಿ 128 ಅಂಕಿಗಳನ್ನು ತೋರಿಸಬಹುದು. ಯಂತ್ರದ ಒಳಗಿರುವುದು ಈ ಉರಿಯುವ ಆರುವ ಆಟ ಮಾತ್ರ.

ಹಾಗಾದರೆ ಇಂಗ್ಲಿಷಿನ 'ಎ' ಎಲ್ಲಿಂದ ಬಂತು? 1963ರಲ್ಲಿ ಅಮೆರಿಕದ ತಜ್ಞರು ಕೂತು ಒಂದು ಪಟ್ಟಿ ಮಾಡಿದರು. ದೊಡ್ಡ 'ಎ'ಗೆ 65, 'ಬಿ'ಗೆ 66, ಹೀಗೆ. ಅದಕ್ಕೆ ಆಸ್ಕಿ ಎಂದು ಹೆಸರು. ಚಾಳಿನ ಖೋಲಿಗಳಿಗೆ ನಂಬರು ಹಾಕಿದ ಹಾಗೆ. 65ನೇ ಖೋಲಿಯ ಬಾಗಿಲು ತಟ್ಟಿದರೆ 'ಎ' ಹೊರಗೆ ಬರುತ್ತದೆ. ಇದು ಮನುಷ್ಯರು ಮಾಡಿಕೊಂಡ ಒಪ್ಪಂದವೇ ಹೊರತು ಯಂತ್ರದ ಹುಟ್ಟುಗುಣ ಅಲ್ಲ. ಇಂಗ್ಲಿಷಿನವರು ಮೊದಲು ಬಂದು ಖೋಲಿ ಹಿಡಿದರು, ನಾವು ತಡವಾಗಿ ಬಂದೆವು. ಇದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಹಾಗೆ ನಮಗಾಗಿ ಖೋಲಿ ಹಿಡಿದುಕೊಟ್ಟವರು ಯಾರು? ಅವರ ಕಥೆ ಹೇಳುವ ಮೊದಲು ಈ ಯಂತ್ರದ ವಂಶಾವಳಿಯನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ.

* * *

ಕಂಪ್ಯೂಟರ್ ಎಂದರೆ ಹಿಂದೆ ಯಂತ್ರವಲ್ಲ, ಮನುಷ್ಯ. ಕೂತು ಲೆಕ್ಕ ಹಾಕುವ ಗುಮಾಸ್ತನಿಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಆ ಗುಮಾಸ್ತನ ಕೆಲಸವನ್ನು ಹಲ್ಲುಚಕ್ರಗಳಿಂದ ಮಾಡಿಸಬೇಕೆಂದು ಹೊರಟವನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ (1791–1871). ಅವನು ಯೋಚಿಸಿದ ದೊಡ್ಡ ಯಂತ್ರ ಅವನ ಜೀವಮಾನದಲ್ಲಿ ಪೂರ್ತಿಯಾಗಲೇ ಇಲ್ಲ. ಆದರೆ ಅದರ ಒಂದು ಉಪಾಯ ಉಳಿಯಿತು: ರಟ್ಟಿನ ಚೀಟಿಯಲ್ಲಿ ತೂತು ಕೊರೆದು ಯಂತ್ರಕ್ಕೆ ಆಜ್ಞೆ ಕೊಡುವುದು. ಇದನ್ನು ಅವನು ಎರವಲು ತಂದದ್ದು ಎಲ್ಲಿಂದ? ಬಟ್ಟೆ ಮಗ್ಗದಿಂದ! ಫ್ರಾನ್ಸಿನ ಜಕಾರ್ಡ್ ಎಂಬವನು 1804ರ ಹೊತ್ತಿಗೆ ತೂತಿನ ರಟ್ಟುಗಳಿಂದ ನಡೆಯುವ ಮಗ್ಗ ಮಾಡಿದ್ದ. ರಟ್ಟಿನಲ್ಲಿ ತೂತು ಇದ್ದ ಕಡೆ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಇಲ್ಲ. ಅದೂ ಎರಡೇ ಮಾತು ನೋಡಿ: ಇದೆ, ಇಲ್ಲ.

ಬ್ಯಾಬೇಜನ ಯಂತ್ರದ ಬಗ್ಗೆ ಎಡಾ ಲವ್‌ಲೇಸ್ ಎಂಬ ಹೆಣ್ಣುಮಗಳು 1843ರಲ್ಲಿ ಒಂದು ಟಿಪ್ಪಣಿ ಬರೆದಳು. ಈ ಯಂತ್ರ ಬರೇ ಕೂಡಿಸಿ ಕಳೆಯುವುದಕ್ಕಲ್ಲ, ಯಾವುದನ್ನೆಲ್ಲ ಸಂಕೇತವಾಗಿ ಬರೆಯಬಹುದೋ, ಸಂಗೀತವನ್ನೂ ಸೇರಿಸಿ, ಅದನ್ನೆಲ್ಲ ಇದು ನಡೆಸಬಲ್ಲದು ಎಂಬುದು ಅವಳ ಕಾಣ್ಕೆ. ಕನ್ನಡದ ವಿದ್ಯಾರ್ಥಿಗಳೇ, 1843 ಎಂದರೆ ನಿಮಗೆ ಏನಾದರೂ ನೆನಪಾಯಿತೇ? ಅದೇ ವರ್ಷ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು. ಅತ್ತ ಒಬ್ಬಳು ಯಂತ್ರಕ್ಕೆ ಸಂಕೇತ ಕಲಿಸುವ ಕನಸು ಕಾಣುತ್ತಿದ್ದಾಗ ಇತ್ತ ಒಬ್ಬ ಕಲ್ಲಿನ ಮೇಲೆ ಕನ್ನಡ ಬರೆಯುತ್ತಿದ್ದ. ಈ ಎರಡು ದಾರಿ ಒಂದನ್ನೊಂದು ಕೂಡಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೂಡಿದ್ದರಲ್ಲಿ ನಮ್ಮ ಮುಂಬಯಿಯ ಪಾಲು ದೊಡ್ಡದು.

ಆಮೇಲಿನದನ್ನು ಬೇಗ ಹೇಳುತ್ತೇನೆ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ತೂತಿನ ಚೀಟಿಗಳಿಂದ ಎಣಿಸಿದ. ಮುಂದೆ ಬೇರೆ ಕಂಪನಿಗಳ ಜತೆ ಸೇರಿದ ಅವನ ಕಂಪನಿಯೇ ಐಬಿಎಂ ಆಯಿತು. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳ ಎನಿಯಾಕ್ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅದನ್ನು ನಡೆಸುವ ಕ್ರಮವನ್ನು ಹೊಂದಿಸಿದವರು ಆರು ಮಂದಿ ಹೆಂಗಸರು. ಅವರ ಹೆಸರು ಲೋಕಕ್ಕೆ ಸರಿಯಾಗಿ ತಿಳಿದದ್ದು ಹತ್ತಾರು ವರ್ಷಗಳ ನಂತರ.

* * *

ಈಗ ನಮ್ಮ ಊರಿಗೆ ಬರೋಣ. ಕುರ್ಲಾದವರಿಗೆ ಸ್ವದೇಶಿ ಮಿಲ್ಲಿನ ಹೆಸರು ಗೊತ್ತಿರದೆ ಇರದು. 1886ರಲ್ಲಿ ಜಮ್ಶೇಟ್‌ಜಿ ಟಾಟಾ ಇಲ್ಲಿಯ ಧರಮ್ಸಿ ಮಿಲ್ಲನ್ನು ಕೊಂಡು ಆ ಹೆಸರಿಟ್ಟರು. ಮಿಲ್ಲು ಮುಚ್ಚಿತು, ಹೆಸರು ಉಳಿಯಿತು. ಅದೇ ಮನೆತನದ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ ಹೋಮಿ ಭಾಭಾ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು, ಅಂದರೆ ಟಿ.ಐ.ಎಫ್.ಆರ್. ಅನ್ನು ಕಟ್ಟಿದರು. ನಮ್ಮ ದೇಶದಲ್ಲೇ ಯೋಚಿಸಿ, ನಮ್ಮ ದೇಶದಲ್ಲೇ ಕಟ್ಟಿದ ಮೊದಲ ದೊಡ್ಡ ಗಣಕಯಂತ್ರ ಹುಟ್ಟಿದ್ದು ಅಲ್ಲಿ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿ ಇಂಗ್ಲೆಂಡಿನಿಂದ ಒಂದು ಯಂತ್ರ ಬಂದಿತ್ತು ನಿಜ. ಆದರೆ ಅದು ಕೊಂಡು ತಂದದ್ದು.

ಟಿ.ಐ.ಎಫ್.ಆರ್.ನ ತಂಡಕ್ಕೆ ಮುಂದಾಳು ಮದ್ರಾಸಿನಲ್ಲಿ ಹುಟ್ಟಿದ ಆರ್. ನರಸಿಂಹನ್. ಅಮೆರಿಕದಲ್ಲಿ ಗಣಿತದ ಡಾಕ್ಟರೇಟು ಮುಗಿಸಿ 1954ರಲ್ಲಿ ಅವರು ಮುಂಬಯಿಗೆ ಬಂದರು. ತಂಡದಲ್ಲಿದ್ದವರು ಹುಡುಗರು. ಅವರಲ್ಲಿ ಯಾರೂ ಅದಕ್ಕೆ ಮೊದಲು ಕಂಪ್ಯೂಟರ್ ಕಟ್ಟಿದವರಲ್ಲ. ಆದರೂ ಮೊದಲು ಒಂದು ಸಣ್ಣ ಮಾದರಿ ಯಂತ್ರ ಕಟ್ಟಿ 1956ರಲ್ಲಿ ನಡೆಸಿ ನೋಡಿದರು. ಆಮೇಲೆ ದೊಡ್ಡದಕ್ಕೆ ಕೈಹಾಕಿ, 1960ರ ಫೆಬ್ರವರಿಯಲ್ಲಿ ಅದನ್ನು ಕೆಲಸಕ್ಕೆ ಹಚ್ಚಿದರು. 1962ರ ಜನವರಿಯಲ್ಲಿ ಕೊಲಾಬಾದ ಹೊಸ ಕಟ್ಟಡದ ಉದ್ಘಾಟನೆಗೆ ಬಂದ ನೆಹರೂ ಅವರು ಅದಕ್ಕೆ 'ಟಿಫ್ರಾಕ್' ಎಂದು ನಾಮಕರಣ ಮಾಡಿದರು.

ಅದರ ಅಳತೆ ಕೇಳಿ. 2,700 ನಿರ್ವಾತ ಕೊಳವೆಗಳು, 1,700 ಡಯೋಡುಗಳು, 12,500 ರೆಸಿಸ್ಟರುಗಳು. ಇವನ್ನೆಲ್ಲ ಕೂರಿಸಿದ ಉಕ್ಕಿನ ಕಪಾಟು 18 ಅಡಿ ಉದ್ದ, 8 ಅಡಿ ಎತ್ತರ. ನಮ್ಮ ಖೋಲಿಯೊಳಗೆ ಅದು ಹಿಡಿಸುತ್ತಿರಲಿಲ್ಲ. ಇಷ್ಟು ದೊಡ್ಡ ದೇಹಕ್ಕೆ ನೆನಪಿನ ಶಕ್ತಿ ಎಷ್ಟು? ಒಂದೊಂದು 40 ಬಿಟ್ಟಿನ 2,048 ಪದಗಳು. ಗುಣಿಸಿದರೆ 81,920 ಬಿಟ್ಟು. ಒಂದೊಂದು ಬಿಟ್ಟಿಗೂ ಒಂದೊಂದು ಪುಟ್ಟ ಕಾಂತದ ಉಂಗುರ, ಅದರೊಳಗಿಂದ ಹಾಯುವ ತಂತಿ. ಉಂಗುರ ಒಂದು ದಿಕ್ಕಿಗೆ ಕಾಂತಗೊಂಡರೆ ಒಂದು, ಇನ್ನೊಂದು ದಿಕ್ಕಿಗೆ ಆದರೆ ಸೊನ್ನೆ. ಈಗಿನ ಸಾಮಾನ್ಯ ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ 24 ಬಿಟ್ಟು ಬೇಕು. ಲೆಕ್ಕ ಹಾಕಿದೆ: ಟಿಫ್ರಾಕಿನ ಇಡೀ ನೆನಪಿನಲ್ಲಿ ಸುಮಾರು 3,400 ಸಂಕೇತ ಹಿಡಿಸುತ್ತಿತ್ತು. ಅಂದರೆ ಈ ಲೇಖನ ಪೂರ್ತಿ ಅದರ ತಲೆಯಲ್ಲಿ ಕೂರುತ್ತಿರಲಿಲ್ಲ!

ಟಿಫ್ರಾಕ್ ಸಿದ್ಧವಾಗುವ ಹೊತ್ತಿಗೆ ಲೋಕದಲ್ಲಿ ಕೊಳವೆ ಹೋಗಿ ಟ್ರಾನ್ಸಿಸ್ಟರ್ ಬಂದಿತ್ತು. 1964ರಲ್ಲಿ ಆ ಸಂಸ್ಥೆಗೇ ಅಮೆರಿಕದಿಂದ ಸಿಡಿಸಿ 3600 ಎಂಬ ಬಲಿಷ್ಠ ಯಂತ್ರ ಬಂತು. ಹಾಗಾದರೆ ಅಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕಂಪ್ಯೂಟರನ್ನು ಬಿಚ್ಚಿ ಜೋಡಿಸಬಲ್ಲೆವು ಎಂಬ ಧೈರ್ಯ ಆ ಕೋಣೆಯಲ್ಲಿ ಹುಟ್ಟಿತು. ಯಂತ್ರ ಗುಜರಿಗೆ ಹೋಗಬಹುದು, ಧೈರ್ಯ ಹೋಗುವುದಿಲ್ಲ.

* * *

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. ಹೊಸ ಯಂತ್ರ ಬಂತು ಎಂದು ಎಲ್ಲರೂ ಆರತಿ ಎತ್ತಲಿಲ್ಲ. 1961ರಲ್ಲಿ ಮುಂಬಯಿಯ ಎಸ್ಸೋ ಕಂಪನಿಗೆ ಐಬಿಎಂ 1401 ಬಂದ ಮೇಲೆ ಒಂದೊಂದೇ ಕಚೇರಿ ಯಂತ್ರದ ಕಡೆ ನೋಡತೊಡಗಿತು. ಜೀವವಿಮಾ ನಿಗಮದ ನೌಕರರು 1960ರ ದಶಕದಲ್ಲಿ ಇದರ ವಿರುದ್ಧ ದೊಡ್ಡ ಚಳವಳಿ ಹೂಡಿದರು. ಬ್ಯಾಂಕುಗಳಲ್ಲಿ ಗಣಕೀಕರಣ ಹೇಗೆ ಆಗಬೇಕೆಂದು ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ.

ನನ್ನ ದೊಡ್ಡ ಮಾವ ಒಂದು ಬ್ಯಾಂಕಿನಲ್ಲಿ ಲೆಜ್ಜರ್ ಗುಮಾಸ್ತರಾಗಿದ್ದವರು. ಅವರ ಮಾತು ಕೇಳಬೇಕು. "ಜೂನ್ ಮೂವತ್ತು, ಡಿಸೆಂಬರ್ ಮೂವತ್ತೊಂದು ಬಂತೆಂದರೆ ರಾತ್ರಿ ಮನೆಗೆ ಬರುವ ಹಾಗಿರಲಿಲ್ಲ ಮಾರಾಯ. ಆರು ಪೈಸೆ ವ್ಯತ್ಯಾಸ ಬಂದರೆ ಆರು ಮಂದಿ ಹುಡುಕಬೇಕು. ಆದರೂ ಕಂಪ್ಯೂಟರ್ ಬೇಡ ಅಂತ ಮೆರವಣಿಗೆಯಲ್ಲಿ ನಾನೂ ಹೋಗಿದ್ದೆ. ಯಾಕೆಂದರೆ ಆ ಆರು ಮಂದಿಯಲ್ಲಿ ನಾನೂ ಒಬ್ಬ." ಅವರ ಶಾಖೆಯಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲವಂತೆ. ಆದರೆ ನಿವೃತ್ತರಾದವರ ಜಾಗಕ್ಕೆ ಮತ್ತೆ ಆರು ಮಂದಿ ಬರಲೂ ಇಲ್ಲ. ನಾನು ಓದುತ್ತಿರುವುದು ಕಾಮರ್ಸು. ಆ ಬಾರದ ಆರು ಮಂದಿಯಲ್ಲಿ ನನ್ನ ಜಾಗವೂ ಇತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಯಂತ್ರದ ಗುಣಗಾನ ಮಾಡುವಾಗ ಈ ಲೆಕ್ಕವನ್ನು ಮರೆಯಬಾರದು.

ಆದರೆ ಬಂದದ್ದು ಬಂದಾಯಿತು. ಬಂದ ಮೇಲೆ ಅದು ಯಾರ ಮಾತು ಕೇಳುತ್ತದೆ ಎನ್ನುವುದು ಮುಖ್ಯ. ಅದಕ್ಕೇ ಮುಂದಿನ ಕಥೆ.

* * *

ಮಂಗಳೂರಿನ ಹತ್ತಿರ ಕಿನ್ನಿಕಂಬಳ ಎಂಬ ಊರಿದೆ. ಅಲ್ಲಿಯವರು ಕೆ.ಪಿ. ರಾವ್, ಪೂರ್ತಿ ಹೆಸರು ಕಿನ್ನಿಕಂಬಳ ಪದ್ಮನಾಭ ರಾವ್. ಹುಟ್ಟಿದ್ದು 1940ರಲ್ಲಿ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಮುಂಬಯಿಗೆ ಬಂದ ಹಾಗೆ ಅವರೂ ಬಂದರು. ಕೆಲಸ ಸಿಕ್ಕಿದ್ದು ಟಿ.ಐ.ಎಫ್.ಆರ್.ನಲ್ಲಿ. ಐರಾವತಂ ಮಹಾದೇವನ್ ಅವರು ಸಿಂಧೂ ಲಿಪಿಯ ಚಿಹ್ನೆಗಳನ್ನು ಕಂಪ್ಯೂಟರಿನಲ್ಲಿ ವಿಂಗಡಿಸುತ್ತಿದ್ದಾಗ ಅವರಿಗೆ ನೆರವಾದವರಲ್ಲಿ ರಾವ್ ಒಬ್ಬರು. ಆ ಸಿಂಧೂ ಲಿಪಿಯ ದೊಡ್ಡ ಗ್ರಂಥ 1977ರಲ್ಲಿ ಹೊರಬಂತು. ಯೋಚಿಸಿ ನೋಡಿ: ಯಾರಿಗೂ ಓದಲು ಬಾರದ ಲಿಪಿಯನ್ನು ಯಂತ್ರಕ್ಕೆ ಉಣಿಸಿದವರಿಗೆ, ಕೋಟ್ಯಂತರ ಮಂದಿಯ ಕನ್ನಡವನ್ನು ಉಣಿಸಬಾರದೇಕೆ ಎಂದು ಅನ್ನಿಸದೆ ಇದ್ದೀತೇ?

ಆಮೇಲೆ ಅವರು ಟಾಟಾ ಪ್ರೆಸ್ಸಿನಲ್ಲಿ ಭಾರತೀಯ ಭಾಷೆಗಳ ಅಕ್ಷರಜೋಡಣೆಯ ಕೆಲಸಕ್ಕೆ ಇಳಿದರು. ಅಲ್ಲಿಯ ಕಷ್ಟ ಏನೆಂದು ಹೇಳುತ್ತೇನೆ. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿ 52. ಮುಗಿಯಿತು. ಕನ್ನಡದಲ್ಲಿ 'ಕ' ಒಂದೇ ತೆಗೆದುಕೊಳ್ಳಿ. ಕ, ಕಾ, ಕಿ, ಕೀ ಎಂದು ಬಳ್ಳಿ ಪೂರ್ತಿ ಎಳೆಯಬೇಕು. ಅದರ ಕೆಳಗೆ ಒತ್ತು ಬರುತ್ತದೆ. ಒತ್ತಿನ ಮೇಲೂ ಸ್ವರ ಬರುತ್ತದೆ. ಪ್ರೆಸ್ಸಿನಲ್ಲಿ ಇವಕ್ಕೆಲ್ಲ ನೂರಾರು ಅಚ್ಚುಮೊಳೆ ಬೇಕಿತ್ತು. ಮೊಳೆ ಜೋಡಿಸುವವರು ಎದುರಿನ ಪೆಟ್ಟಿಗೆಗಳ ಗೂಡುಗಳಿಂದ ಒಂದೊಂದೇ ಹೆಕ್ಕಬೇಕಿತ್ತು. ನಮ್ಮ ಬಳಗದ ಕಪಾಟಿನಲ್ಲಿರುವ ಹಳೆಯ ಸೈಕ್ಲೋಸ್ಟೈಲ್ ಸಂಚಿಕೆಗಳನ್ನು ನೋಡಿ. ಸ್ಟೆನ್ಸಿಲ್ ಹಾಳೆ ಹರಿದು ಒತ್ತಕ್ಷರದ ಜಾಗದಲ್ಲಿ ಬರೇ ಶಾಯಿಯ ಮುದ್ದೆ ಇದೆ. ಅವರ ಕಷ್ಟ ಅವರಿಗೇ ಗೊತ್ತು.

ಈ ನೂರಾರು ಆಕಾರಗಳಿಗೆ ಕೀಲಿಮಣೆಯಲ್ಲಿ ನೂರಾರು ಕೀಲಿ ಇಡುವುದು ಹೇಗೆ? ರಾವ್ ಅವರ ಉತ್ತರ ಕೇಳಿದರೆ 'ಅಯ್ಯೋ, ಇಷ್ಟೇನಾ!' ಅನ್ನಿಸುತ್ತದೆ. ಆಕಾರದ ತಂಟೆಗೇ ಹೋಗಬೇಡಿ, ಉಲಿಯನ್ನು ಹಿಡಿಯಿರಿ. ಬರೆಯುವವನು ಉಲಿಯನ್ನು ಒತ್ತಲಿ, ಆಕಾರ ಏನಾಗಬೇಕೋ ಅದನ್ನು ಯಂತ್ರ ನೋಡಿಕೊಳ್ಳಲಿ. ನಮ್ಮ ಭಾಷೆಯಲ್ಲಿ ಉಲಿಗಳು ಎಷ್ಟು? ವರ್ಣಮಾಲೆಯಷ್ಟು, ಹತ್ತಿರ ಹತ್ತಿರ ಐವತ್ತು. ಇಂಗ್ಲಿಷ್ ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿದ್ದೂ ಸೇರಿ ಇರುವ ಜಾಗ 52. ಹೇಳಿ ಮಾಡಿಸಿದ ಹಾಗೆ ಹಿಡಿಸಿತು! ಹದಿಮೂರನೆಯ ಶತಮಾನದ ಕೇಶಿರಾಜನಂಥ ವೈಯಾಕರಣರು ಅಕ್ಷರಗಳನ್ನು ವರ್ಗ ವರ್ಗವಾಗಿ ಜೋಡಿಸಿಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಉಪಯೋಗಕ್ಕೆ ಬಂತು.

ಅವರ ಜೋಡಣೆ ನೋಡಿ. 'ಕೆ' ಕೀಲಿ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ, ಖ. 'ಜಿ' ಒತ್ತಿದರೆ ಗ, ಶಿಫ್ಟಿನೊಂದಿಗೆ ಘ. 'ಟಿ'ಗೆ ತ ಮತ್ತು ಥ, 'ಡಿ'ಗೆ ದ ಮತ್ತು ಧ. ಹಾಗಾದರೆ ಟ, ಡ ಎಲ್ಲಿ? ನಮಗೆ ಬೇರೆ ಕೆಲಸವಿಲ್ಲದ 'ಕ್ಯೂ' ಕೀಲಿಯಲ್ಲಿ ಟ, 'ಡಬ್ಲ್ಯು'ನಲ್ಲಿ ಡ. ಸ್ವರಗಳಿಗೆ ಇನ್ನೂ ಸುಲಭ. 'ಐ' ಕೀಲಿಯನ್ನು ಶಬ್ದದ ಮೊದಲಿಗೆ ಒತ್ತಿದರೆ ಇ, 'ಕ' ಆದ ಮೇಲೆ ಒತ್ತಿದರೆ ಗುಡಿಸಾಗಿ ಸೇರಿ ಕಿ. ಕೀಲಿ ಒಂದೇ, ಜಾಗ ನೋಡಿ ವೇಷ ಬದಲಾಗುತ್ತದೆ. ಒತ್ತಕ್ಷರಕ್ಕೆ 'ಎಫ್' ಕೀಲಿ ಕೊಂಡಿಯ ಹಾಗೆ. ಎರಡು ವ್ಯಂಜನಗಳ ನಡುವೆ ಅದನ್ನು ಒತ್ತಿದರೆ ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ.

'ಕನ್ನಡ' ಎಂದು ಬರೆಯೋಣವೇ? ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಕೀಲಿ. ನಮ್ಮ 'ಕುರ್ಲಾ'? ಕೆ, ಯು, ಆರ್, ಎಫ್, ಎಲ್, ಶಿಫ್ಟ್ ಹಿಡಿದು ಎ. ಆರು ಕೀಲಿ. ನಾನು ಇದನ್ನು ಕಲಿತದ್ದು ಒಂದು ಭಾನುವಾರ ಮಧ್ಯಾಹ್ನದಿಂದ ಸಂಜೆಯೊಳಗೆ. ಇಂಗ್ಲಿಷ್ ಟೈಪಿಂಗ್ ಕಲಿಯಲು ನನಗೆ ಮೂರು ತಿಂಗಳು ಹಿಡಿದಿತ್ತು.

ಈ ಜೋಡಣೆಯನ್ನು ರಾವ್ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಬೇಕಾದವರು ಬಳಸಲಿ ಎಂದು ಬಿಟ್ಟುಕೊಟ್ಟರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶವನ್ನೂ ಉಚಿತವಾಗಿ ಹಂಚಿದರು. ಕರ್ನಾಟಕ ಸರ್ಕಾರ ಮುಂದೆ ಅಂಗೀಕರಿಸಿದ ಕೀಲಿಮಣೆಗೆ, ಕನ್ನಡ ಗಣಕ ಪರಿಷತ್ತಿನ 'ನುಡಿ'ಗೆ ಇದೇ ಆಧಾರ. 2013ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ದಿನಾ ಅವರ ಜೋಡಣೆಯಲ್ಲಿ ಬೆರಳಾಡಿಸುವ ಲಕ್ಷಾಂತರ ಮಂದಿಯಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ನನಗೂ ಹತ್ತೊಂಬತ್ತು ವರ್ಷದ ತನಕ ಗೊತ್ತಿರಲಿಲ್ಲ.

* * *

ಕೀಲಿಮಣೆ ಆಯಿತು. ಆದರೆ ಖೋಲಿ ನಂಬರಿನ ತಕರಾರು ಬಾಕಿ ಇತ್ತು. ಕನ್ನಡದ ಅಕ್ಷರಗಳಿಗೆ ಲೋಕವೆಲ್ಲ ಒಪ್ಪಿದ ನಂಬರು ಬಳಕೆಗೆ ಬರುವ ಮೊದಲು ಒಬ್ಬೊಬ್ಬ ತಂತ್ರಾಂಶದವರು ಒಂದೊಂದು ರೀತಿ ಮಾಡಿಕೊಂಡರು. ಇಂಗ್ಲಿಷಿನ ಖೋಲಿಗಳಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದರು. ಇಲ್ಲಿ ಬರೆದದ್ದನ್ನು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ ಮೂಲ ಬಾಡಿಗೆದಾರರು, ಅಂದರೆ ಇಂಗ್ಲಿಷಿನ ಅಕ್ಷರಗಳು ಮತ್ತು ವಿಚಿತ್ರ ಚಿಹ್ನೆಗಳು ಕಾಣಿಸಿಕೊಳ್ಳುತ್ತಿದ್ದವು. ಕಾಗಕ್ಕ ಗುಬ್ಬಕ್ಕನ ಕಥೆ ಕಳಿಸಿದರೆ ಅಲ್ಲಿ ಕಾಗೆಕಾಲು ಗುಬ್ಬಿಕಾಲು ತಲುಪುತ್ತಿತ್ತು.

ಭಾರತ ಸರ್ಕಾರ ಇಸ್ಕಿ ಎಂಬ ಪಟ್ಟಿಯನ್ನು 1991ರಲ್ಲಿ ಮಾನಕ ಮಾಡಿತು. ಅದೇ ವರ್ಷ ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಎಂಬ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂತು. ಅದರಲ್ಲಿ ಕನ್ನಡಕ್ಕೆ ಸ್ವಂತ ಬಡಾವಣೆ ಸಿಕ್ಕಿತು: 3200ರಿಂದ 3327ರವರೆಗೆ, ಒಟ್ಟು 128 ಖೋಲಿ. ನೆನಪಿದೆಯೇ, ಇಂಗ್ಲಿಷಿನವರ ಮೊದಲ ಪಟ್ಟಿಯಲ್ಲೂ ಇದ್ದದ್ದು ಅಷ್ಟೇ. 'ಅ' 3205ರಲ್ಲಿ, 'ಕ' 3221ರಲ್ಲಿ. 'ಕನ್ನಡ' ಎಂದರೆ ಯಂತ್ರದೊಳಗೆ 3221, 3240, 3277, 3240, 3233. ಐದು ಕೀಲಿಗೆ ಐದು ನಂಬರು. ನಡುವಿನ 3277 ಆ ಕೊಂಡಿಯದು. ರಾವ್ ಅವರು ಹಿಡಿದ ದಾರಿಯೇ ಇಲ್ಲೂ ಇದೆ ನೋಡಿ: ಒಳಗೆ ಉಲಿಯ ಲೆಕ್ಕ, ಹೊರಗೆ ಆಕಾರ.

ಆದರೂ ಯೂನಿಕೋಡ್ ನಮ್ಮ ಕೈಗೆ ನಿಜವಾಗಿ ಸಿಗಲು ಇನ್ನೂ ಸುಮಾರು ವರ್ಷ ಹಿಡಿಯಿತು. ಆ ನಡುವಿನ ಕಾಲದಲ್ಲಿ ಕೆಲವರು ಕಾಯುತ್ತ ಕೂರಲಿಲ್ಲ. ನಮ್ಮ ಕುರ್ಲಾದಿಂದ ಚೆಂಬೂರು ದಾಟಿದರೆ ಟ್ರಾಂಬೆ. ಅಲ್ಲಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆ ಶುರು ಮಾಡಿದರು. ಕನ್ನಡದ ಮೊದಲ ಜಾಲತಾಣ ಅದೇ. ಮಕ್ಕಳಿಗೆ ಕಂಪ್ಯೂಟರ್ ಭಾಷೆ ಕಲಿಸುವ 'ಲೋಗೋ'ವನ್ನೂ ಅವರು ಮುಂದೆ ಕನ್ನಡಕ್ಕೆ ತಂದರು. ಅಂದರೆ ಯಂತ್ರಕ್ಕೆ ಕನ್ನಡದಲ್ಲೇ ಆಜ್ಞೆ ಕೊಡಬಹುದು! ನನ್ನ ಆ ಮಾಸ್ತರರಿಗೆ ಇದನ್ನು ತೋರಿಸಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಪರದೇಶದಲ್ಲಿದ್ದ ಕನ್ನಡಿಗರೂ ಅದರಿಂದ ಊರಿಗೆ ಕನ್ನಡದಲ್ಲಿ ಬರೆಯತೊಡಗಿದರು.

ವ್ಯಾಪಾರದ ಕಡೆಯಿಂದ ಒಂದು ಮಾತು ಹೇಳದಿದ್ದರೆ ನನ್ನ ಕ್ಲಾಸಿನವರು ಬಿಡುವುದಿಲ್ಲ. ನಾವು ಪರೀಕ್ಷೆಗೆ ಓದುವ 'ಟ್ಯಾಲಿ' ಹುಟ್ಟಿದ್ದು ಬೆಂಗಳೂರಿನಲ್ಲಿ, 1986ರಲ್ಲಿ. ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ ಮಗ ಭರತನಿಗೆ ನೀನೇ ಮಾಡು ಎಂದರು. ಮಗ ಮಾಡಿದ. ಅಂಗಡಿಯವನ ಕಷ್ಟ ಅಂಗಡಿಯ ಮನೆಯವನಿಗೆ ಗೊತ್ತು. ಕನ್ನಡದ ಕಷ್ಟ ಕನ್ನಡಿಗನಿಗೆ ಗೊತ್ತು. ಎರಡೂ ಒಂದೇ ಪಾಠ.

* * *

ಇನ್ನು ನಮ್ಮ ಮನೆಯ ಮಾತು ಹೇಳಿ ಮುಗಿಸುತ್ತೇನೆ. ಅಪ್ಪ ಇಲ್ಲಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಏಳನೆಯ ಕ್ಲಾಸು ಓದಿ ಬಂದವರು. ಇಪ್ಪತ್ತೆಂಟು ವರ್ಷ ಕನ್ನಡದಲ್ಲೇ ಲೆಕ್ಕ ಬರೆದವರು. ಕಳೆದ ವರ್ಷ ಧಣಿಗಳು ಬಿಲ್ಲಿನ ಕಂಪ್ಯೂಟರ್ ತಂದಿಟ್ಟರು. ಅದರಲ್ಲಿ ತಿಂಡಿಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ. ಅಪ್ಪ ರಾತ್ರಿ ಊಟ ಮಾಡದೆ ಕೂತಿದ್ದರು. "ನಂಗೆ ಈ ವಯಸ್ಸಲ್ಲಿ ಎ ಬಿ ಸಿ ಡಿ ಬರ್ತದಾ ಮಗಾ? ಬಾರದಿದ್ರೆ ಗಲ್ಲಾಕ್ಕೆ ಬೇರೆಯವರನ್ನ ಕೂರಿಸ್ತಾರೆ" ಎಂದರು.

ಮಾರನೆಯ ದಿನ ಧಣಿಗಳ ಅನುಮತಿ ಕೇಳಿ ಆ ಯಂತ್ರ ನೋಡಿದೆ. ಹೆಸರಿನ ಜಾಗದಲ್ಲಿ ಯೂನಿಕೋಡ್ ಹಿಡಿಸುತ್ತಿತ್ತು. ಯಾರೂ ಹಾಕಿ ನೋಡಿರಲಿಲ್ಲ, ಅಷ್ಟೇ. ಎರಡು ರಾತ್ರಿ ಕೂತು ಎಪ್ಪತ್ತಮೂರು ಹೆಸರುಗಳನ್ನು ಕನ್ನಡದಲ್ಲಿ ಹಾಕಿದೆ, ಪಕ್ಕದಲ್ಲಿ ಇಂಗ್ಲಿಷೂ ಇರಲಿ ಎಂದು ಬಿಟ್ಟೆ. ಅಪ್ಪ ಒಂದು ವಾರ ಹೆದರಿ ಹೆದರಿ ಒತ್ತಿದರು. ಎರಡು ಸಲ ಬಿಲ್ಲು ತಪ್ಪಿ ಧಣಿಗಳಿಂದ ಬೈಸಿಕೊಂಡರು. ಈಗ ಗಲ್ಲಾದಲ್ಲಿ ಅವರೇ ಇದ್ದಾರೆ. ಮೊನ್ನೆ ಹೊಸ ತಿಂಡಿ ಒಂದು ಶುರುವಾದಾಗ ನನ್ನನ್ನು ಕರೆಯಲಿಲ್ಲ. 'ಗೋಳಿಬಜೆ' ಎಂದು ತಾವೇ ಹಾಕಿದ್ದಾರೆ. 'ಳ'ಗೆ ಶಿಫ್ಟ್ ಹಿಡಿಯಬೇಕೆಂಬುದು ಅವರಿಗೆ ನೆನಪಿತ್ತು.

ನಾನು ಏನೂ ದೊಡ್ಡ ಸಾಧನೆ ಮಾಡಲಿಲ್ಲ. ಮಾಡಿದವರು ಮೊದಲೇ ಮಾಡಿಟ್ಟಿದ್ದರು. ಕೊಲಾಬಾದಲ್ಲಿ ಒಬ್ಬರು, ಟ್ರಾಂಬೆಯಲ್ಲಿ ಒಬ್ಬರು. ಅವರು ತೆರೆದಿಟ್ಟ ಬಾಗಿಲಿನಲ್ಲಿ ಅಪ್ಪ ಒಳಗೆ ಹೋದರು.

ಗೆಳೆಯರಲ್ಲಿ ಒಂದು ಕೋರಿಕೆ ಇದೆ. ನಮ್ಮಲ್ಲಿ ಹೆಚ್ಚಿನವರು ಈಗಲೂ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತೇವೆ. ಖೋಲಿ ಸಿಕ್ಕಿದ ಮೇಲೂ ಪಡಸಾಲೆಯಲ್ಲೇ ಮಲಗುವ ಚಾಳಿ ಇದು. ಇನ್ನು ಮುಂದೆ ಬಳಗದ ಲೇಖನಗಳನ್ನಾದರೂ ಕನ್ನಡದಲ್ಲೇ ಟೈಪ್ ಮಾಡಿ ಕೊಡೋಣ. ಬಾರದವರಿಗೆ ಶನಿವಾರ ಸಭೆ ಮುಗಿದ ಮೇಲೆ ಅರ್ಧ ಗಂಟೆ ನಾನು ಹೇಳಿಕೊಡುತ್ತೇನೆ. ಯಾವ ಮೀಡಿಯಂ ಎಂದು ಕೇಳುವುದಿಲ್ಲ.

ಬರೆದುದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು.